ಮಾನಸಿಕ ಬಿಕ್ಕಟ್ಟಿಗೆ ಸ್ಪಂದಿಸುವ ಕೆಲಸಕ್ಕೆ ಸೇರುವುದು ಹೇಗೆ: ಓದು, ಹಣ, ನೌಕರಿ

ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿದವರು, ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುತ್ತಿರುವವರು, ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾಯುವ ಯೋಚನೆಯಲ್ಲಿರುವವರಿಗೆ, ಮನಸ್ಸು ಹತೋಟಿ ತಪ್ಪಿದವರಿಗೆ ಆ ಹೊತ್ತಿನಲ್ಲೇ ನೆರವಾಗುವ ಕೆಲಸ ಮಾಡಬೇಕೆಂದಿದ್ದೇನೆ, ಯಾವ ಕೋರ್ಸಿಗೆ ಸೇರಲಿ?" ಈ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುವುದು ಒಳ್ಳೆಯದು. ಯಾವ ಕುರ್ಚಿಯಲ್ಲಿ ಕೂರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಕುರ್ಚಿಗೆ ಕಾನೂನು ಯಾವ ಓದನ್ನು ಕೇಳುತ್ತದೆಂದು ನೋಡಿ, ಆಮೇಲೆ ಶುಲ್ಕ ಕಟ್ಟಬೇಕು. ಈ ಕ್ರಮ ಹಿಂದುಮುಂದಾದ್ದರಿಂದ ಎರಡು ವರ್ಷವನ್ನೂ ಮನೆಯವರ ಲಕ್ಷಾಂತರ ರೂಪಾಯಿಯನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿ ಚಿನ್ನದ ಅಂಚಿನ ಪ್ರಮಾಣಪತ್ರವೇನೋ ಇತ್ತು, ಆದರೆ ಯಾವ ಜಿಲ್ಲೆಯ ನೇಮಕಾತಿ ಅಧಿಸೂಚನೆಯಲ್ಲೂ ಅದರ ಹೆಸರಿರಲಿಲ್ಲ.

ಮುಂದಿನ ಮಾತುಗಳು ಕರ್ನಾಟಕದಲ್ಲಿದ್ದು ಈ ಕೆಲಸಕ್ಕೆ ಬರಲು ಬಯಸುವವರಿಗಾಗಿ. ಓದುತ್ತಿರುವ ನಿಮಗೇ ಈಗ ಮನಸ್ಸು ಭಾರವಾಗಿದ್ದರೆ ಲೇಖನವನ್ನು ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ-ಮನಸ್ ಸಹಾಯವಾಣಿ, ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲಿ ಸಿಗುತ್ತದೆ.

ಕುರ್ಚಿಗಳು ಎಲ್ಲೆಲ್ಲಿವೆ

ಟೆಲಿ-ಮನಸ್‌ನಿಂದಲೇ ಆರಂಭಿಸೋಣ, ಏಕೆಂದರೆ ಹೊಸಬರಿಗೆ ಇವತ್ತು ಮೊದಲು ಕಾಣುವ ಬಾಗಿಲು ಅದೇ. 2022-23ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ, ಅದೇ ವರ್ಷದ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಚಾಲನೆ ಪಡೆದ ಈ ಕಾರ್ಯಕ್ರಮಕ್ಕೆ ದೇಶಮಟ್ಟದ ಹೊಣೆ ಹೊತ್ತಿರುವುದೂ ನಿಮ್ಹಾನ್ಸೇ. ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಟ್ರಿಪಲ್ ಐಟಿಯದು. ಇದು ಎರಡು ಹಂತಗಳಲ್ಲಿ ನಡೆಯುತ್ತದೆ. ಕರೆಯನ್ನು ಮೊದಲು ಎತ್ತಿಕೊಳ್ಳುವವರು ರಾಜ್ಯದ ಘಟಕದಲ್ಲಿರುವ ತರಬೇತಿ ಪಡೆದ ಆಪ್ತಸಮಾಲೋಚಕರು, ಅವರ ಬೆನ್ನಿಗೆ ಅಲ್ಲಿಯೇ ತಜ್ಞರಿರುತ್ತಾರೆ. ಫೋನಿನಲ್ಲಿ ಮುಗಿಯದ ಪ್ರಕರಣಗಳು ಎರಡನೆಯ ಹಂತಕ್ಕೆ, ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೋ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗಕ್ಕೋ ಇ-ಸಂಜೀವಿನಿಯ ವೀಡಿಯೊ ಸಮಾಲೋಚನೆಗೋ ಹೋಗುತ್ತವೆ. ಹೊಸಬರು ಸಾಮಾನ್ಯವಾಗಿ ಕೂರುವುದು ಮೊದಲ ಹಂತದ ಕುರ್ಚಿಯಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಪಾಳಿಯ ಲೆಕ್ಕದಲ್ಲಿ.

ಎರಡನೆಯದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಆರೋಗ್ಯ ಇಲಾಖೆಯ ಬಾಯಲ್ಲಿ ಡಿಎಂಎಚ್‌ಪಿ. ಇದರ ಬೇರು ನಮ್ಮ ನೆಲದಲ್ಲೇ ಇದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ ಅದನ್ನು ಜಿಲ್ಲೆಯೊಂದರಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನೋವೈದ್ಯರಿಲ್ಲದ ಊರಿನಲ್ಲೂ ಚಿಕಿತ್ಸೆ ನಡೆಯುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿತು. 1996ರಲ್ಲಿ ಡಿಎಂಎಚ್‌ಪಿ ದೇಶಕ್ಕೆ ಹಬ್ಬಿದಾಗ 'ಬಳ್ಳಾರಿ ಮಾದರಿ' ಎಂಬ ಹೆಸರೂ ಜೊತೆಗೆ ಹೋಯಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಶುಶ್ರೂಷಕರು, ದಾಖಲೆ ನೋಡಿಕೊಳ್ಳುವವರು ಇರುತ್ತಾರೆ. ಕರ್ನಾಟಕದಲ್ಲಿ 2014ರಿಂದ ನಡೆಯುತ್ತಿರುವ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಫೋನಿನ ಕೆಲಸ ಒಗ್ಗದವರಿಗೆ, ಮುಖ ನೋಡಿ ಮಾತನಾಡಿದರೇ ಸಮಾಧಾನ ಎನ್ನುವವರಿಗೆ ಈ ತಂಡ ಸರಿಯಾದ ಜಾಗ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಮತ್ತು ವೈದ್ಯಕೀಯ ಕಾಲೇಜುಗಳ ತುರ್ತು ವಿಭಾಗಗಳಿವೆ. ಮಹಿಳೆಯರಿಗಾಗಿ ಸಾಂತ್ವನ ಕೇಂದ್ರಗಳೂ ಸಖಿ ಒನ್ ಸ್ಟಾಪ್ ಕೇಂದ್ರಗಳೂ ಇವೆ, ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್, ಮಕ್ಕಳಿಗಾಗಿ 1098, ಯುವಜನರಿಗಾಗಿ ಯುವ ಸ್ಪಂದನ ಕೇಂದ್ರಗಳು, ಜೊತೆಗೆ ವ್ಯಸನಮುಕ್ತಿ ಕೇಂದ್ರಗಳಿವೆ. ಸ್ವಯಂಸೇವಾ ಸಹಾಯವಾಣಿಗಳಲ್ಲಿ ಬೆಂಗಳೂರಿನ 'ಸಹಾಯ್' ಹಳೆಯದು. ನೆರೆಯ ಚೆನ್ನೈನಲ್ಲಿ 1986ರಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಕಟ್ಟಿದ 'ಸ್ನೇಹಾ' ಸಂಸ್ಥೆ, ಸ್ವಯಂಸೇವಕರೇ ಕರೆ ಎತ್ತುವ ಪದ್ಧತಿಗೆ ಈ ಭಾಗದಲ್ಲಿ ಎಲ್ಲರೂ ಬೆರಳು ತೋರಿಸುವ ಉದಾಹರಣೆ.

ಓದಿನಲ್ಲಿ ಯಾವುದಕ್ಕೆ ಯಾವ ಮುದ್ರೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಯಾರನ್ನು ಯಾವ ಹೆಸರಿನಿಂದ ಕರೆಯಬಹುದು ಎಂಬುದನ್ನು ಅದರ ಎರಡನೆಯ ಕಲಮೇ ಹೇಳಿಬಿಡುತ್ತದೆ, ಆದ್ದರಿಂದ ವಿವರಣಪತ್ರಿಕೆಗಳನ್ನು ಓದುವ ಮೊದಲು ಅದನ್ನು ಓದಿ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಇರಬೇಕು, ಅದರೊಳಗೆ ಮೇಲ್ವಿಚಾರಣೆಯಲ್ಲಿ ನಡೆದ ಆಸ್ಪತ್ರೆಯ ತರಬೇತಿಯೂ ಸೇರಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಓದು ಬೇಕು, ಅಲ್ಲಿನ ನೋಂದಣಿಯೂ ಬೇಕು. ಮಾನಸಿಕ ಆರೋಗ್ಯ ಶುಶ್ರೂಷಕರ ವ್ಯಾಖ್ಯೆ ಮಾತ್ರ ಅಗಲವಾಗಿದೆ: ನರ್ಸಿಂಗ್ ಪರಿಷತ್ತು ಮಾನ್ಯ ಮಾಡಿದ ಸಾಮಾನ್ಯ ನರ್ಸಿಂಗ್ ಡಿಪ್ಲೊಮಾ ಅಥವಾ ಪದವಿಯೂ ಅದರೊಳಗೆ ಬರುತ್ತದೆ. ಆದ್ದರಿಂದ ಜಿಎನ್‌ಎಂ, ಅಂದರೆ ಆ ಸಾಮಾನ್ಯ ನರ್ಸಿಂಗ್ ಡಿಪ್ಲೊಮಾ, ಮುಗಿಸಿದ ಹುಡುಗಿಗೆ ಈ ಕ್ಷೇತ್ರಕ್ಕೆ ಬರಲು ಇರುವ ಹಾದಿ ಎಂಎ ಮಾಡಿದವರ ಹಾದಿಗಿಂತ ಚಿಕ್ಕದು. ಇದನ್ನು ನರ್ಸಿಂಗ್ ಕಾಲೇಜುಗಳಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅದರ ಮೇಲೆ ಒಂದು ವರ್ಷದ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಸೇರಿದರಂತೂ ತುರ್ತು ವಾರ್ಡಿನಲ್ಲಿ ಅವರಿಗೆ ಬೇಡಿಕೆ ಇದ್ದೇ ಇದೆ.

ಎಂಫಿಲ್‌ನ ಕಥೆ ಈಗ ತಿರುವಿನಲ್ಲಿದೆ. ಹೊಸ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಎಂಫಿಲ್ ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಇವೆರಡಕ್ಕೆ ಮಾತ್ರ 2025-26ರ ಶೈಕ್ಷಣಿಕ ವರ್ಷದ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಇದಕ್ಕೆ ಬದಲಾಗಿ ಆರ್‌ಸಿಐ ನಾಲ್ಕು ವರ್ಷದ ಕ್ಲಿನಿಕಲ್ ಸೈಕಾಲಜಿ ಬಿಎಸ್ಸಿ ಆನರ್ಸ್, ಎರಡು ವರ್ಷದ ಕ್ಲಿನಿಕಲ್ ಸೈಕಾಲಜಿ ಎಂಎ, ಜೊತೆಗೆ ಸೈ.ಡಿ. ಎಂಬ ಮನಶ್ಶಾಸ್ತ್ರದ ಡಾಕ್ಟರೇಟ್, ಈ ಹಾದಿಗಳನ್ನು ತೆರೆದಿದೆ. ಅಣ್ಣನೋ ಸೀನಿಯರೋ ಐದು ವರ್ಷದ ಹಿಂದೆ ನಡೆದ ಹಾದಿಯನ್ನೇ ನಂಬಿ ಹೊರಡಬೇಡಿ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೂ, ನೀವು ಸೇರಲಿರುವ ಕಾಲೇಜಿನ ಆ ಕೋರ್ಸಿಗೆ ಆ ವರ್ಷ ಆರ್‌ಸಿಐ ಅನುಮೋದನೆ ಇದೆಯೇ ಎಂಬುದನ್ನೂ ಪರಿಷತ್ತಿನ ಜಾಲತಾಣದಲ್ಲೇ ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಇನ್ನೊಂದು ಬದಲಾವಣೆ ನಮ್ಮ ಸಣ್ಣ ಊರುಗಳವರಿಗೆ ಹೆಚ್ಚು ತಟ್ಟಿದೆ. ಕೆಲಸ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಮುಗಿಸುವುದು ಬಹಳ ಜನರ ಯೋಜನೆಯಾಗಿತ್ತು. 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ಸೈಕಾಲಜಿಯಂಥ ವಿಷಯಗಳಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಪ್ರವೇಶವನ್ನು 2025ರ ಜುಲೈ-ಆಗಸ್ಟ್ ಅವಧಿಯಿಂದ ಯುಜಿಸಿ ನಿಲ್ಲಿಸಿದೆ. ಈಗಲೂ "ಮನೆಯಲ್ಲೇ ಕುಳಿತು ಎಂಎ ಸೈಕಾಲಜಿ" ಎಂದು ಜಾಹೀರಾತು ಕಂಡರೆ ದೂರವಿರಿ. ಇದೇ ಕಾಯ್ದೆ ಆಪ್ತಸಮಾಲೋಚಕರನ್ನೂ ಸಮಾಜ ಕಾರ್ಯಕರ್ತರನ್ನೂ ನಡವಳಿಕೆ ಆರೋಗ್ಯದ ವೃತ್ತಿಪರರೆಂಬ ಗುಂಪಿನಲ್ಲಿ ಸೇರಿಸಿದೆ. ಆರೋಗ್ಯ ರಕ್ಷಣಾ ವೃತ್ತಿಪರರೆನಿಸಿಕೊಳ್ಳಲು ಕನಿಷ್ಠ 3,600 ಗಂಟೆ, ಸಹಾಯಕ ವೃತ್ತಿಪರರೆನಿಸಿಕೊಳ್ಳಲು ಕನಿಷ್ಠ 2,000 ಗಂಟೆ ಓದಿರಬೇಕೆಂದು ಅದು ಹೇಳುತ್ತದೆ. ಆರು ಭಾನುವಾರಗಳ ಕೌನ್ಸೆಲಿಂಗ್ ಕೋರ್ಸು ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆಂದು ನೀವೇ ಲೆಕ್ಕ ಹಾಕಬಹುದು.

ಹಾಗೆಂದು ಚಿಕ್ಕ ತರಬೇತಿಗಳೆಲ್ಲ ವ್ಯರ್ಥವಲ್ಲ. ಈಗಾಗಲೇ ವೈದ್ಯರೋ ನರ್ಸೋ ಸಮಾಜ ಕಾರ್ಯಕರ್ತರೋ ಆಗಿರುವವರಿಗೆ 2018ರಲ್ಲಿ ಆರಂಭವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಆನ್‌ಲೈನಿನಲ್ಲೇ ಕಲಿಸುತ್ತದೆ. ಶಿಕ್ಷಕರು, ಪೊಲೀಸರು, ಆಶಾ ಕಾರ್ಯಕರ್ತೆಯರು ಕಲಿಯಬೇಕಾದದ್ದು 'ಗೇಟ್‌ಕೀಪರ್' ತರಬೇತಿ. ಅಪಾಯದ ಸೂಚನೆ ಗುರುತಿಸುವುದು, ನೇರವಾಗಿ ಕೇಳುವುದು, ಸರಿಯಾದ ಕಡೆಗೆ ಮುಟ್ಟಿಸುವುದು, ಇಷ್ಟೇ ಅದರ ತಿರುಳು. ಪ್ರವಾಹ, ಅಪಘಾತಗಳಂಥ ಸಂದರ್ಭಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದೆ. ನೋಡು, ಆಲಿಸು, ಜೋಡಿಸು ಎಂಬ ಮೂರು ಹೆಜ್ಜೆಗಳ ಸುತ್ತ ಅದನ್ನು ಕಟ್ಟಲಾಗಿದೆ. ಇವುಗಳಿಂದ ಹುದ್ದೆ ಸಿಗುವುದಿಲ್ಲ, ಇರುವ ಹುದ್ದೆಯಲ್ಲಿ ಕೈ ಪಳಗುತ್ತದೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮೊದಲ ದಿನಕ್ಕೆ ಮುಂಚೆಯೇ ಬಾಯಿಗೆ ಬರಬೇಕಾದ ಕಲಮುಗಳು ನಾಲ್ಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ, ಶಿಕ್ಷೆಗೆ ಗುರಿಪಡಿಸುವಂತಿಲ್ಲ ಎನ್ನುತ್ತದೆ 115ನೆಯ ಕಲಮು. ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಕೆಲಸವನ್ನು ತಡೆಯಲು ಅಥವಾ ಒತ್ತಾಯಿಸಲು ಮಾಡುವ ಆತ್ಮಹತ್ಯೆಯ ಯತ್ನವನ್ನು ಮಾತ್ರ ಅದರ 226ನೆಯ ಕಲಮು ಅಪರಾಧವೆನ್ನುತ್ತದೆ. "ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗತ್ತೆ" ಎಂಬ ಭಯದಿಂದ ಮನೆಯವರು ಮನೆಮದ್ದಿನಲ್ಲೇ ಹೊತ್ತು ಕಳೆಯುವುದುಂಟು, ಆ ಭಯವನ್ನು ಫೋನಿನಲ್ಲಿ ಎರಡು ವಾಕ್ಯದಲ್ಲಿ ಬಿಡಿಸಲು ನಿಮಗೆ ಬರಬೇಕು. ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ತಲುಪಿಸಬೇಕೆಂಬುದು 100ನೆಯ ಕಲಮು. ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆಯನ್ನು 72 ಗಂಟೆಯವರೆಗೆ ಕೊಡಬಹುದು ಎಂಬುದು 94ನೆಯದು. ಗುಟ್ಟು ಕಾಯುವ ಕರ್ತವ್ಯ ಮತ್ತು ಜೀವಕ್ಕೆ ಅಪಾಯವಿದ್ದಾಗ ಅದಕ್ಕಿರುವ ವಿನಾಯಿತಿಯನ್ನು 23ನೆಯ ಕಲಮು ಹೇಳುತ್ತದೆ.

ಕಿವಿಯ ಅಭ್ಯಾಸ

ಪದವಿ ತರಗತಿಯಲ್ಲಿ ಸಿಗದ ಪಾಠವೊಂದಿದೆ, ನನ್ನ ಮಟ್ಟಿಗೆ ಇಡೀ ವೃತ್ತಿಯ ಮೂಲವೇ ಅದು: ನಮ್ಮ ಜನ ದುಃಖವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು. ಪುಸ್ತಕದಲ್ಲಿ 'ಖಿನ್ನತೆ' ಇದೆ. ಆದರೆ ಕರೆ ಮಾಡಿದವರಲ್ಲಿ ಆ ಪದ ಬಳಸುವವರು ಕಡಿಮೆ. "ಜೀವ ಬೇಜಾರಾಗಿದೆ", "ಎದೆ ಭಾರ", "ತಲೆಯೇ ಓಡ್ತಿಲ್ಲ", "ಎಲ್ಲಾದ್ರೂ ಹೊರಟು ಹೋಗೋಣ ಅನ್ಸುತ್ತೆ", "ನಾನಿದ್ದು ಯಾರಿಗೇನು" ಎನ್ನುತ್ತಾರೆ. "ಗಾಳಿ ಸೋಕಿದೆ" ಎಂದು ಮನೆಯವರು ಹೇಳಿದರೆ ನಗದೆ, ವಾದಿಸದೆ, ಎಂದಿನಿಂದ, ಏನೇನು ಬದಲಾಗಿದೆ, ನಿದ್ದೆ ಹೇಗಿದೆ ಎಂದು ಕೇಳಲು ಬರಬೇಕು. ಪ್ರದೇಶದ ಮಾತೂ ಎಡವಿಸುತ್ತದೆ. ಬೆಂಗಳೂರಿನ ಹುಡುಗನಿಗೆ 'ಎಣ್ಣೆ' ಎಂದರೆ ಮದ್ಯ, ಉತ್ತರ ಕರ್ನಾಟಕದ ರೈತನಿಗೆ 'ಎಣ್ಣಿ' ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕವೂ ಹೌದು. "ಎಣ್ಣಿ ತಗೊಂಡಾನ್ರೀ" ಎಂಬ ಕರೆಯನ್ನು ಕುಡಿತದ ಪ್ರಕರಣವೆಂದು ಬರೆದುಕೊಂಡರೆ ಕಳೆದುಹೋಗುವುದು 108ಕ್ಕೆ ಫೋನ್ ಮಾಡಬೇಕಾದ ನಿಮಿಷಗಳು.

ತರಬೇತಿಯಲ್ಲಿ ನಾನು ತಪ್ಪದೆ ಮಾಡಿಸುವ ಒಂದು ಪಾತ್ರಾಭಿನಯವಿದೆ. ಒಬ್ಬರು ಹಾವೇರಿ ಕಡೆಯ ರೈತ, ಇನ್ನೊಬ್ಬರು ಆಪ್ತಸಮಾಲೋಚಕಿ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂರಬೇಕು, ಏಕೆಂದರೆ ಫೋನಿನಲ್ಲಿ ಮುಖ ಕಾಣುವುದಿಲ್ಲ.

"ಏನಿಲ್ರೀ ಮೇಡಮ್, ಸುಮ್ನ ಹಚ್ಚಿದ್ದೆ."

"ಹಚ್ಚಿದ್ದು ಚಲೋ ಆತ್ರೀ. ಊಟ ಆತೇನ್ರೀ?"

"ಊಟ ಸೇರವಲ್ದ್ರೀ. ನಿದ್ದೀನೂ ಬರವಲ್ದು."

"ಎಷ್ಟ್ ದಿನ ಆತ್ರೀ ಹಿಂಗ?"

"ಬ್ಯಾಂಕಿನವ್ರು ಮನಿಗೆ ಬಂದು ಹೋದಾಗಿಂದ."

"ಇಷ್ಟೆಲ್ಲಾ ಒಬ್ಬರ ಹೊತ್ಕೊಂಡೀರಿ. ನೇರ ಕೇಳ್ತೀನ್ರೀ, ತಪ್ಪು ತಿಳ್ಕೋಬ್ಯಾಡ್ರಿ. ಸಾಯಬೇಕು ಅನ್ನೋ ವಿಚಾರ ಬಂದದೇನ್ರೀ?"

ಇಲ್ಲಿ ರೈತನ ಪಾತ್ರಧಾರಿ ಸುಮ್ಮನಾಗಬೇಕು, ಸಮಾಲೋಚಕಿಯೂ ಸುಮ್ಮನಿರಬೇಕು. ಹೊಸಬರಿಗೆ ಇದೇ ಆಗುವುದಿಲ್ಲ. ಮೌನ ತಡೆಯಲಾರದೆ "ಧೈರ್ಯ ತಗೋರಿ", "ಮಕ್ಕಳ ಮುಖ ನೋಡ್ರಿ" ಎಂದು ಶುರುಮಾಡುತ್ತಾರೆ, ಬಾಯಿ ಬಿಡಲಿದ್ದ ಮನುಷ್ಯ "ಹೌದ್ರೀ, ಖರೇ ಐತಿ, ಇಡ್ತೀನ್ರೀ" ಎಂದು ಫೋನ್ ಇಟ್ಟುಬಿಡುತ್ತಾನೆ. ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಹೊರೆ ಇಳಿದಂತಾಗುತ್ತದೆ. ಉತ್ತರ "ಹೌದು" ಎಂದು ಬಂದ ಮೇಲೆ ಕೇಳಬೇಕಾದ್ದಕ್ಕೆ ಕ್ರಮವಿದೆ: ಹೇಗೆಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದ್ದು ಕೈಗೆಟಕುವಲ್ಲಿ ಇದೆಯೇ, ಹಿಂದೆ ಯತ್ನಿಸಿದ್ದುಂಟೇ, ಈ ಕ್ಷಣ ಜೊತೆಯಲ್ಲಿ ಯಾರಿದ್ದಾರೆ. ಅಪಾಯಕಾರಿ ವಸ್ತುವನ್ನು ತಮ್ಮನ ಕೈಗೋ ಪಕ್ಕದ ಮನೆಗೋ ಕೊಡಿಸಿ, ರಾತ್ರಿ ಜೊತೆಗಿರುವವರು ಯಾರೆಂದು ಗೊತ್ತುಮಾಡಿ, ಮರುದಿನ ಎಷ್ಟು ಗಂಟೆಗೆ ಯಾರು ಫೋನ್ ಮಾಡುತ್ತಾರೆಂದು ಹೇಳಿ, ಅದನ್ನು ಬರೆದುಕೊಂಡ ಮೇಲೆಯೇ ಆ ಕರೆ ಮುಗಿದಂತೆ.

ಈ ಅಭ್ಯಾಸವನ್ನು ಕೇಳಿಸಿಕೊಂಡು ತಿದ್ದುವ ಅನುಭವಿಯೊಬ್ಬರು ಇರುವ ಜಾಗದಲ್ಲೇ ನಿಮ್ಮ ಮೊದಲ ವರ್ಷ ಕಳೆಯಲಿ. ಸಂಬಳ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಮೇಲ್ವಿಚಾರಣೆಯಿಲ್ಲದೆ ಕಲಿತ ತಪ್ಪುಗಳು ಆಮೇಲೆ ಕೈಬಿಡುವುದಿಲ್ಲ.

ಹಣದ ಲೆಕ್ಕ

ಓದುವವರ ಹಣ ಬೇರೆ, ಸೇವೆ ನಡೆಸುವವರ ಹಣ ಬೇರೆ. ಓದುವವರು ಮೊದಲು ಸರ್ಕಾರಿ ಸಂಸ್ಥೆಗಳ ಪ್ರವೇಶ ಪರೀಕ್ಷೆಯನ್ನೇ ಗುರಿಯಾಗಿಟ್ಟುಕೊಳ್ಳಬೇಕು. ನಿಮ್ಹಾನ್ಸ್, ಡಿಮ್ಹಾನ್ಸ್‌ನಂಥ ಕಡೆ ಸೀಟು ಕಡಿಮೆ, ಪೈಪೋಟಿ ಹೆಚ್ಚು, ಆದರೆ ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಖರ್ಚು ಕಡಿಮೆ, ನೋಡುವ ರೋಗಿಗಳ ಸಂಖ್ಯೆ ಹೆಚ್ಚು. ಕರ್ನಾಟಕದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೂ ಹಿಂದುಳಿದ ವರ್ಗಗಳ ವಿದ್ಯಾಸಿರಿಗೂ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಹಾಕಬೇಕು. ಅಲ್ಲಿ ಅರ್ಜಿ ತಿರಸ್ಕೃತವಾಗುವುದು ಅರ್ಹತೆಯಿಲ್ಲದೆ ಅಲ್ಲ, ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದದೆ, ಅಥವಾ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರದೆ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ, ಕೊನೆಯ ದಿನಾಂಕದ ವಾರ ಕಾಯಬೇಡಿ.

ಸಾಲ ಬೇಕಾದವರಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದೆ. ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸರ್ಕಾರ 75 ಶೇಕಡಾ ಖಾತರಿ ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನವನ್ನೋ ಬಡ್ಡಿ ಸಹಾಯಧನವನ್ನೋ ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ 3 ಶೇಕಡಾ ಬಡ್ಡಿ ರಿಯಾಯಿತಿಯೂ ಉಂಟು. ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಮ್ಯಾನೇಜರನ್ನು ಕೇಳುವ ಬದಲು ನೀವೇ ನೋಡಿಕೊಳ್ಳಿ. ಯುವನಿಧಿಯನ್ನು ನೆಚ್ಚಿಕೊಂಡು ಉನ್ನತ ಓದಿಗೆ ಹೊರಡಬೇಡಿ, ಓದು ಮುಂದುವರಿಸಿದವರಿಗೆ ಅದು ಸಿಗುವುದಿಲ್ಲ. ಹೆಣ್ಣುಮಕ್ಕಳು ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೋಗಿಬರುವ ಬಸ್ ಖರ್ಚಂತೂ ಶಕ್ತಿ ಯೋಜನೆ ಬಂದ ಮೇಲೆ ಉಳಿದಿದೆ. ಎಂಎಸ್‌ಡಬ್ಲ್ಯು ಹುಡುಗಿಯರಿಗೆ ಇದು ಸಣ್ಣ ಉಳಿತಾಯವಲ್ಲ.

ಇನ್ನು ಸೇವೆಯ ಹಣ ಎಲ್ಲಿಂದ ಬರುತ್ತದೆಂದು ನೌಕರಿಗೆ ಸೇರುವವರಿಗೂ ಗೊತ್ತಿರಬೇಕು, ಏಕೆಂದರೆ ನಿಮ್ಮ ಸಂಬಳ ತಡವಾಗುವುದೂ ಗುತ್ತಿಗೆ ನವೀಕರಣವಾಗದಿರುವುದೂ ಅಲ್ಲಿಂದಲೇ. ಡಿಎಂಎಚ್‌ಪಿಯ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಮಾರ್ಗಸೂಚಿ ಜಿಲ್ಲೆಯೊಂದಕ್ಕೆ ವರ್ಷಕ್ಕೆ 83.2 ಲಕ್ಷ ರೂಪಾಯಿವರೆಗೆ ಹೇಳಿತ್ತು. ಟೆಲಿ-ಮನಸ್‌ಗೆ 2023-24ರ ಬಜೆಟ್ ಅಂದಾಜಿನಲ್ಲಿ ಸುಮಾರು 134 ಕೋಟಿ ಇದ್ದದ್ದು 2024-25ರಲ್ಲಿ 90 ಕೋಟಿಗೆ ಇಳಿಯಿತು. ಕರೆಗಳು ಏರುತ್ತಿರುವಾಗ ಅಂದಾಜು ಇಳಿಯುವುದು ನನಗಂತೂ ಅರ್ಥವಾಗದ ಲೆಕ್ಕ.

ಸ್ವಂತ ಸಹಾಯವಾಣಿಯನ್ನೋ ಸಮಾಲೋಚನಾ ಕೇಂದ್ರವನ್ನೋ ನಡೆಸಲು ಹೊರಟ ಟ್ರಸ್ಟುಗಳಿಗೆ ಹತ್ತಿರದ ಮೂಲ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಡಿ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾ ಖರ್ಚು ಮಾಡಬೇಕು. ಏಳನೆಯ ಅನುಸೂಚಿಯ ಮೊದಲ ಬಾಬಿನಲ್ಲೇ ಆರೋಗ್ಯ ರಕ್ಷಣೆ ಇದೆ. ಇದಕ್ಕೆ ಆದಾಯ ತೆರಿಗೆ ಇಲಾಖೆ ಕೊಡುವ 12ಎ ಮತ್ತು 80ಜಿ ನೋಂದಣಿಯ ಜೊತೆಗೆ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ಪಡೆದ ನೋಂದಣಿ ಸಂಖ್ಯೆಯೂ ಬೇಕು. ಪ್ರಸ್ತಾವ ಬರೆಯುವಾಗ ಒಂದು ಎಚ್ಚರ ಇರಲಿ. ದಾನಿಗಳಿಗೆ ಕಂಪ್ಯೂಟರ್, ಬೋರ್ಡು, ಉದ್ಘಾಟನೆಯ ಫೋಟೊ ಇಷ್ಟ. ಆದರೆ ಸಹಾಯವಾಣಿಯ ನಿಜವಾದ ಖರ್ಚು ರಾತ್ರಿ ಪಾಳಿಯವರ ಸಂಬಳ ಮತ್ತು ಮೇಲ್ವಿಚಾರಕರ ಗೌರವಧನ. ಕುರ್ಚಿಯೊಂದನ್ನು ಹಗಲುರಾತ್ರಿ ತುಂಬಿಸಲು ಪಾಳಿ, ವಾರದ ರಜೆ, ಕಾಯಿಲೆ ಎಲ್ಲ ಸೇರಿ ಕನಿಷ್ಠ ಐದು ಜನ ಬೇಕಾಗುತ್ತಾರೆ. ಆ ಸಾಲನ್ನು ಮೊದಲ ಪುಟದಲ್ಲೇ ಬರೆಯಿರಿ. ಆ ಹಣ ಇಲ್ಲದಿದ್ದರೆ 24 ಗಂಟೆಯ ಭರವಸೆ ಕೊಡಬೇಡಿ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಂದು ಪ್ರಾಮಾಣಿಕವಾಗಿ ಬರೆದು, ಉಳಿದ ಹೊತ್ತಿಗೆ 14416 ತೋರಿಸಿ.

ನೌಕರಿ ಹುಡುಕುವಾಗ

ಡಿಎಂಎಚ್‌ಪಿ ಹುದ್ದೆಗಳು ಬಹುಪಾಲು ಗುತ್ತಿಗೆಯವು. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿ ಅಧಿಸೂಚನೆ ಹೊರಡಿಸುತ್ತದೆ. ಅದು ಜಿಲ್ಲೆಯ ಜಾಲತಾಣದ ನೇಮಕಾತಿ ಪುಟದಲ್ಲೋ ಪತ್ರಿಕೆಯ ಮೂಲೆಯಲ್ಲೋ, ಕೆಲವೊಮ್ಮೆ ಕಚೇರಿಯ ಸೂಚನಾ ಫಲಕದಲ್ಲೋ ಕಾಣಿಸಿಕೊಂಡು ನಾಲ್ಕೈದು ದಿನದಲ್ಲಿ ನೇರ ಸಂದರ್ಶನ ಮುಗಿದುಹೋಗಿರುತ್ತದೆ. ಆದ್ದರಿಂದ ಕಡತವೊಂದು ಸದಾ ಸಿದ್ಧವಿರಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಪರಿಷತ್ತಿನ ನೋಂದಣಿ, ಮೀಸಲಾತಿಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರ, ಬೀದರ್‌ನಿಂದ ವಿಜಯನಗರದವರೆಗಿನ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಾದರೆ 371(ಜೆ) ಮೀಸಲಾತಿಯ ಪತ್ರ, ಮತ್ತು ದಿನಾಂಕಗಳಿರುವ ಅನುಭವ ಪತ್ರ. 'ಕೆಲಸ ಮಾಡಿರುತ್ತಾರೆ' ಎಂದಷ್ಟೇ ಬರೆದ ಅನುಭವ ಪತ್ರಕ್ಕೆ ಅಂಕ ಸಿಗುವುದಿಲ್ಲ, ಎಂದಿನಿಂದ ಎಂದಿನವರೆಗೆ ಎಂಬುದೇ ಮುಖ್ಯ. ಟೆಲಿ-ಮನಸ್ ಮತ್ತು ಸಂಶೋಧನಾ ಯೋಜನೆಗಳ ಹುದ್ದೆಗಳನ್ನು ನಿಮ್ಹಾನ್ಸ್ ತನ್ನ ಜಾಲತಾಣದಲ್ಲೇ ಪ್ರಕಟಿಸುತ್ತದೆ.

ಗುತ್ತಿಗೆ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಮುಗಿದು, ಅನುಮೋದನೆ ಬಂದ ಮೇಲೆ ಮತ್ತೆ ಆರಂಭವಾಗುತ್ತದೆ. ಏಪ್ರಿಲ್-ಮೇ ತಿಂಗಳ ಖರ್ಚಿಗೆ ಒಂದಿಷ್ಟು ತೆಗೆದಿಡುವುದು ಈ ಕೆಲಸದಲ್ಲಿರುವವರೆಲ್ಲ ಕಲಿತ ಪಾಠ.

ಮುಂದಿನ ವರ್ಷಗಳಲ್ಲಿ ಹುದ್ದೆಗಳು ಹೆಚ್ಚಬಹುದಾದ ಜಾಗ ಶಾಲೆ-ಕಾಲೇಜುಗಳು ಎಂಬುದು ನನ್ನ ಅಂದಾಜು. 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು, ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕು. ಪಿಯು ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲ್‌ಗಳಿಗೆ ಅರ್ಜಿ ಹಾಕುವಾಗ ಈ ತೀರ್ಪನ್ನು ನಿಮ್ಮ ಪತ್ರದ ಮೊದಲ ಪ್ಯಾರಾದಲ್ಲೇ ನೆನಪಿಸಬಹುದು. ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಇರಬೇಕೆಂದು ಕೋರ್ಟ್ ಹೇಳಿರುವುದರಿಂದ, ಅದರ ದಾಖಲೆಯನ್ನೂ ಲಗತ್ತಿಸಿ.

ಸಂದರ್ಶನದಲ್ಲಿ ಅವರು ನಿಮ್ಮನ್ನು ಕಾಯ್ದೆ ಕೇಳುತ್ತಾರೆ, ಒಂದು ಪ್ರಕರಣ ಕೊಟ್ಟು ಏನು ಮಾಡುವಿರಿ ಎನ್ನುತ್ತಾರೆ. ಕೊನೆಯಲ್ಲಿ "ನೀವೇನಾದ್ರೂ ಕೇಳೋದಿದೆಯಾ?" ಎಂದಾಗ ತಲೆಯಾಡಿಸಿ ಎದ್ದುಬರಬೇಡಿ. ವಾರಕ್ಕೆ ಎಷ್ಟು ಗಂಟೆ ಮೇಲ್ವಿಚಾರಣೆ ಸಿಗುತ್ತದೆ, ರಾತ್ರಿ ಎರಡು ಗಂಟೆಗೆ ಕೈಮೀರಿದ ಕರೆ ಬಂದರೆ ನಾನು ಯಾರನ್ನು ಎಬ್ಬಿಸಬೇಕು, ಪಾಳಿ ಮುಗಿದ ಮೇಲೆ ಮನೆಗೆ ವಾಹನ ಇದೆಯೇ ಎಂದು ಕೇಳಿ. ಇನ್ನೊಂದನ್ನೂ ಕೇಳಿ: ನಾನು ಮಾತನಾಡಿದವರು ಆಮೇಲೆ ತೀರಿಕೊಂಡರೆಂದು ಗೊತ್ತಾದ ದಿನ ನನ್ನ ಜೊತೆ ಕೂರುವವರು ಯಾರು? ಉತ್ತರವಾಗಿ ಒಬ್ಬರ ಹೆಸರು, ಅವರು ಕೂರುವ ಕೋಣೆ ತೋರಿಸಿದರೆ ಆದೇಶಪತ್ರಕ್ಕೆ ಸಹಿ ಹಾಕಿ. "ಅಂಥದ್ದೇನೂ ಆಗಲ್ಲ ಬಿಡಿ" ಎಂದರೆ ಪಕ್ಕದ ಜಿಲ್ಲೆಯ ಅಧಿಸೂಚನೆಗೆ ಕಾಯಿರಿ.